ಡೊಂಬಿವಲಿ ಈಸ್ಟ್‌ನ ಎಕ್ಸ್‌ರೇ ಸೆಂಟರ್, ಬೇಡದ ಸ್ಕ್ಯಾನ್ ಬೇಡ ಅಂತಾನೇ ಹೇಳ್ತಾರೆ

ನಮ್ಮನೆಯವ್ರಿಗೆ ಜೂನಲ್ಲಿ ಶ್ವಾಸಕೋಶದ ಟಿಬಿ ಅಂತ ಗೊತ್ತಾಯ್ತು, ಕಫದಲ್ಲೇ ಪಾಸಿಟಿವ್, ಹಾಗಾಗಿ ನಾನು, ಅತ್ತೆ, ಕಾಲೇಜಿಗೆ ಹೋಗೋ ಮಗ ಮೂರೂ ಜನ ಚೆಕ್ ಮಾಡಿಸ್ಕೊಳ್ಳಿ ಅಂದ್ರು ಡಾಕ್ಟ್ರು. ಮೊದ್ಲು ಹೋದ ಇನ್ನೊಂದು ಕಡೆ, ಒಳಗೆ ಅಡಗಿರೋ ಟಿಬಿನೂ ಸಿಟಿ ಸ್ಕ್ಯಾನಲ್ಲಿ ಸಿಕ್ಕೇ ಸಿಗತ್ತೆ, ಮೂರೂ ಜನಕ್ಕೂ ಮಾಡ್ಸಿಬಿಡಿ ಅಂತ ಕೌಂಟರಲ್ಲೇ ಒತ್ತಾಯ ಮಾಡಿದ್ರು. ಭಯಕ್ಕೆ ದುಡ್ಡು ಕಟ್ಟೋಕೂ ರೆಡಿಯಾಗಿದ್ದೆ, ಪಕ್ಕದ ಮನೆ ಮಂಗಳೂರಿನ ಅಕ್ಕ ತಡೆದು ಇಲ್ಲಿಗೆ ಕಳ್ಸಿದ್ರು.

ಇಲ್ಲಿನ ರೇಡಿಯಾಲಜಿಸ್ಟ್ ಮೇಡಂ ಕೂರ್ಸಿ ಹೇಳಿದ್ದು ಇಷ್ಟು: ಲೇಟೆಂಟ್ ಟಿಬಿ ಅಂದ್ರೆ ಕ್ರಿಮಿ ಮೈಯಲ್ಲಿ ಮಲ್ಕೊಂಡಿರತ್ತೆ, ಕೆಮ್ಮಿಲ್ಲ ಜ್ವರ ಇಲ್ಲ, ಇನ್ನೊಬ್ರಿಗೆ ಹರಡಲ್ಲ, ಎಕ್ಸ್‌ರೇ ಸಾಮಾನ್ಯವಾಗಿ ನಾರ್ಮಲ್ಲೇ ಬರತ್ತೆ. ಮತ್ತೆ ಎಕ್ಸ್‌ರೇ ಯಾಕೆ ಅಂದೆ. ರೋಗ ಎದ್ದಿದೆಯಾ ನೋಡೋಕೆ ಅಂದ್ರು, ಎದ್ದಿದ್ರೆ ನಾಲ್ಕು ಔಷಧಿಯ ಪೂರ್ತಿ ಕೋರ್ಸ್ ಬೇಕು, ಆಗ ಬರೀ ತಡೆಗಟ್ಟೋ ಮಾತ್ರೆ ಕೊಟ್ರೆ ಕ್ರಿಮಿ ಆ ಔಷಧಿಗೆ ಬಗ್ಗದ ಹಾಗಾಗ್ಬಹುದು. ಪೆಟ್ ಸ್ಕ್ಯಾನಲ್ಲಿ ಕೆಲವ್ರ ಸೋಂಕಿನ ಜಾಗ ಬೆಳಗೋದನ್ನ ಸಂಶೋಧಕರು ನೋಡಿದಾರಂತೆ, ಆದ್ರೆ ಅದು ಮನೆಮಂದಿಗೆಲ್ಲ ಮಾಡೋ ಟೆಸ್ಟ್ ಅಲ್ಲ. ಸೋಂಕು ತಗುಲಿದೆಯಾ ತಿಳಿಯೋಕೆ ಇಗ್ರಾ ರಕ್ತ ಪರೀಕ್ಷೆ ಅಥ್ವಾ ಮಾಂಟೂ ಅನ್ನೋ ಚರ್ಮದ ಟೆಸ್ಟು. ಚಿಕ್ಕಂದಲ್ಲಿ ಹಾಕಿದ ಬಿಸಿಜಿ ಅನ್ನೋ ಟಿಬಿ ಲಸಿಕೆಯಿಂದ ಮಾಂಟೂ ತಪ್ಪಾಗಿ ಪಾಸಿಟಿವ್ ಬರ್ಬಹುದು, ಇಗ್ರಾಗೆ ಆ ತೊಂದ್ರೆ ಇಲ್ಲ.

ಅತ್ತೆಗೆ ಮರಾಠಿ ಬರಲ್ಲ. ಟೆಕ್ನಿಶಿಯನ್ ಹುಡುಗ "ಶ್ವಾಸ ರೋಖಾ" ಅಂದಾಗ ಗಾಬರಿಯಲ್ಲಿ ಉಸ್ರು ಬಿಟ್ಬಿಟ್ರು. ಅವ್ನು ಬೈಲಿಲ್ಲ, ಹೊರಗೆ ಬಂದು ನನ್ನ ಹತ್ರ ಕೇಳಿ ಕಲ್ತು, "ಉಸಿರು ಹಿಡ್ಕೊಳ್ಳಿ ಅಜ್ಜಿ" ಅಂತ ಹೇಳಿ, ಭುಜ ಮೆಲ್ಲಗೆ ಮುಂದಕ್ಕೆ ತಂದು ತೆಗ್ದ. ನಂಗೆ ಕಣ್ಣು ತುಂಬಿ ಬಂತು.

ಅತ್ತೆಯ ಬಲ ಶ್ವಾಸಕೋಶದ ಮೇಲ್ಗಡೆ ಸುಣ್ಣ ಕಟ್ಟಿದಂಥ ಸಣ್ಣ ಬಿಳಿ ಚುಕ್ಕೆ. ಹಳೇ ಗಾಯದ ಗುರುತು, ಇದನ್ನ ನೋಡಿ ಒಳಗೆ ಜೀವಂತ ಕ್ರಿಮಿ ಇದೆ ಅಂತಾನೂ ಇಲ್ಲ ಅಂತಾನೂ ಹೇಳಕ್ಕಾಗಲ್ಲ ಅಂದ್ರು ಮೇಡಂ, ರಿಪೋರ್ಟಲ್ಲೂ ಹಾಗೇ ಬರೆದ್ರು. ಆಮೇಲೆ ಇಗ್ರಾ ಮಾಡ್ಸಿದಾಗ ಅತ್ತೆಗೆ ಮಾತ್ರ ಪಾಸಿಟಿವ್ ಬಂತು.

ರಿಪೋರ್ಟ್ 11 ಗಂಟೆಗೆ ಅಂದು ಸಂಜೆ 5ಕ್ಕೆ ಕೊಟ್ರು, ಲಿಫ್ಟ್ ಬೇರೆ ಇಲ್ಲ, ಎರಡು ಮಹಡಿ ಅತ್ತೆನ ಹಿಡ್ಕೊಂಡು ಹತ್ತಿಸ್ದೆ. ಆದ್ರೂ ಐದು ಸ್ಟಾರ್. ಈಗ ಅತ್ತೆಗೆ ವಾರಕ್ಕೊಂದ್ಸಲ ಆ ತಡೆಗಟ್ಟೋ ಮಾತ್ರೆ, ಒಟ್ಟು 12 ವಾರ, ಪ್ರತಿ ಭಾನ್ವಾರ ತಿಂಡಿ ಆದ್ಮೇಲೆ ತಾವೇ ಕ್ಯಾಲೆಂಡರಲ್ಲಿ ಗುರುತು ಹಾಕ್ತಾರೆ, ನಿನ್ನೆಗೆ ಐದಾಯ್ತು.