ಹೊಸ ಕಾಂಪೌಂಡಿಗೆ ಒತ್ತಿ ಕೇಪಳ ನೆಡಬೇಡಿ

ಮಡಿಕೇರಿ ಹತ್ತಿರ ಹೊಸ ಕಾಂಪೌಂಡಿನ ಬುಡಕ್ಕೇ ಸಾಲಾಗಿ ನೆಟ್ಟ ಕೇಪಳ (ಇಕ್ಸೋರಾ ಹೂಗಿಡ) ಎರಡನೇ ವರ್ಷಕ್ಕೆ ಪೂರ್ತಿ ಹಳದಿ. ಅದೇ ಮನೆಯ ಹಿಂದಿನ ಬರೆಯಲ್ಲಿ (ಇಳಿಜಾರಿನಲ್ಲಿ), ಯಾರೂ ತಿರುಗಿ ನೋಡದ ಕಾಡು ಕೇಪಳ ತಾಮ್ರದ ಬಣ್ಣದ ಚಿಗುರು ಬಿಟ್ಟುಕೊಂಡು ಗಟ್ಟಿಯಾಗಿ ನಿಂತಿದೆ.

ಕೇಪಳಕ್ಕೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿ-ಕ್ಷಾರದ ಅಳತೆ, ಕಡಿಮೆಯಾದಷ್ಟೂ ಹುಳಿ) 5ರಿಂದ 6. ಕೊಡಗಿನ ಮಣ್ಣು ಸಹಜವಾಗಿ ಹಾಗೇ ಇದೆ, ಕೆಡಿಸುವವರು ನಾವು. ಪಾಯದ ಪಕ್ಕ ಹೂತುಹೋದ ಗಾರೆ ಚೂರು, ಗೋಡೆಯಿಂದ ಮಳೆನೀರಿನಲ್ಲಿ ಇಳಿಯುವ ಸುಣ್ಣದಂಶ ಪಿಎಚ್ ಏರಿಸುತ್ತವೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಎಲೆ ಹಳದಿಯಾಗುತ್ತದೆ.

ಆಮೇಲಿನ ತಪ್ಪೇ ದೊಡ್ಡದು. ಎಲೆ ಹಳದಿಯಾದ ಕೂಡಲೇ ಗೊಬ್ಬರ ಸಾಲದು ಅಂತ ಸೂಪರ್ ಫಾಸ್ಫೇಟ್ ಹಾಕುತ್ತಾರೆ, ಒಲೆ ಬೂದಿ ಸುರಿಯುತ್ತಾರೆ. ಬೂದಿಯೂ ಕ್ಷಾರವೇ, ಸೂಪರ್ ಫಾಸ್ಫೇಟಿನ ರಂಜಕ ಹೆಚ್ಚಾದರೆ ಕಬ್ಬಿಣ ಇನ್ನಷ್ಟು ಕಟ್ಟಿಬೀಳುತ್ತದೆ. ಕಾಫಿಗೆ ಸುಣ್ಣ ಎರಚುವಾಗ ಬೇಲಿ ಸಾಲಿಗೂ ಒಂದು ಹಿಡಿ ಬಿದ್ದರಂತೂ ಮುಗಿಯಿತು. ಮೊದಲು ಎಲೆ ನೋಡಿ: ಎಳೆ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಇದ್ದರೆ ಕಬ್ಬಿಣದ ಕೊರತೆ. ಕೆಳಗಿನ ಹಳೆ ಎಲೆಯಲ್ಲಿ ಹಾಗಿದ್ದರೆ ಮೆಗ್ನೀಸಿಯಂ.

ಗಿಡ ಇನ್ನೂ ಚಿಕ್ಕದಿದ್ದರೆ ಮುಂಗಾರು ಹಿಡಿದ ಮೇಲೆ ಬುಡದ ಮಣ್ಣುಹೆಂಟೆ ಸಮೇತ ಎತ್ತಿ, ಮೂರನೇ ಒಂದು ಭಾಗ ಕತ್ತರಿಸಿ, ಗೋಡೆಯಿಂದ ಕನಿಷ್ಠ 3 ಅಡಿ ದೂರಕ್ಕೆ ಸಾಗಿಸಿ. ಗುಂಡಿ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ 2 ಅಡಿ. ಕಾಫಿ ನರ್ಸರಿ ಚೀಲದ ಮಿಶ್ರಣವೇ ಸಾಕು: ಕಾಡುಮಣ್ಣು 6 ಪಾಲು, ಕೊಟ್ಟಿಗೆ ಗೊಬ್ಬರ 2, ಮರಳು 1. ನಮ್ಮ ಮಳೆಗೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅರ್ಧ ಅಡಿ ದಿಬ್ಬ ಮಾಡಿ ನೆಡಿ. ಬಿಸಿಲೂ ಬೇಕು, ದಟ್ಟ ನೆರಳಲ್ಲಿ ಗಿಡ ಸೊರಗಿ ಉದ್ದವಾಗುತ್ತದೆ, ಚಿಗುರಿನ ಬಣ್ಣವೂ ಏಳುವುದಿಲ್ಲ. ಪ್ರತಿ ತಿಂಗಳು ಪೆಟ್ಟಿಗೆಯಂತೆ ಕತ್ತರಿಸುವ ಚಟವೂ ಬೇಡ. ಹೂ ಬರುವುದು ರೆಂಬೆಯ ತುದಿಯಲ್ಲಿ, ನೀವು ಕತ್ತರಿಸಿ ಬಿಸಾಡುವುದೂ ಅದನ್ನೇ.

ಸಾಗಿಸಲಾಗದ ಗಿಡಕ್ಕೆ ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ಮಳೆಯಿಲ್ಲದ ದಿನ ಸಂಜೆ ಎಲೆಗೆ ಸಿಂಪಡಿಸಿ. 15 ದಿನ ಬಿಟ್ಟು ಮತ್ತೊಮ್ಮೆ. ಬುಡಕ್ಕೆ ಸುರಿದರೆ ಸುಣ್ಣದ ಮಣ್ಣಲ್ಲಿ ಅದೂ ಕಟ್ಟಿಬೀಳುತ್ತದೆ. ಬುಡಕ್ಕೇ ಕೊಡಬೇಕೆಂದರೆ ಇಡಿಡಿಎಚ್‌ಎ ಚೀಲೇಟ್ (ಸುಣ್ಣದ ಮಣ್ಣಲ್ಲೂ ಕಟ್ಟಿಬೀಳದ ಕಬ್ಬಿಣ) ಕೇಳಿ ತನ್ನಿ. ಅಗ್ಗದ ಇಡಿಟಿಎ ಚೀಲೇಟ್ ಈ ಮಣ್ಣಲ್ಲಿ ನಿಲ್ಲುವುದಿಲ್ಲ. ಸಿಂಪಡಿಸುವಾಗ ಗೋಡೆಗೊಂದು ಗೋಣಿಚೀಲ ಅಡ್ಡ ಹಿಡಿಯಿರಿ, ಅನ್ನಭೇದಿಯ ತುಕ್ಕುಕಲೆ ಸುಲಭಕ್ಕೆ ಹೋಗುವುದಲ್ಲ.