ತಾಳಮದ್ದಲೆ ರೆಕಾರ್ಡಿಂಗ್‌ಗಳಿಗೆ ಆರ್‌ಸಿಂಕ್ ಹೇಗಿದೆ?

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಇರುವ ಮನೆಯಲ್ಲಿ ಫೈಲ್‌ಗಳನ್ನು ತಾರೀಕು ಸಮೇತ ಅತ್ತಿತ್ತ ಸಾಗಿಸಬೇಕಿದ್ದರೆ, ಕಮಾಂಡ್ ಟೈಪಿಸಿ ಓಡಿಸುವ ಫೈಲ್ ಕಾಪಿ ತಂತ್ರಾಂಶ ಆರ್‌ಸಿಂಕ್‌ಗೆ ಸಮನಾದದ್ದು ನನಗಂತೂ ಸಿಕ್ಕಿಲ್ಲ. ದುಡ್ಡು ಕೊಡಬೇಕಿಲ್ಲ. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಡಿದದ್ದು ಯಾಕೆಂದು ಮುಂದೆ ಹೇಳುತ್ತೇನೆ. ಅದರಲ್ಲಿ ಕನ್ನಡದ ಪಾಲೂ ಇದೆ.

ಮೊದಲು ನನ್ನ ಬಳಕೆ ಏನೆಂದು ತಿಳಿಸಬೇಕು. ಕುಂದಾಪುರದ ಸುತ್ತಮುತ್ತ ಎಲ್ಲೇ ತಾಳಮದ್ದಲೆ ಕೂಟ ಇರಲಿ, ರೆಕಾರ್ಡರ್ ಹಿಡಿದು ಹೋಗುವ ಹುಚ್ಚು ನನ್ನದು. ಫೋಟೋ ಆದರೆ ತೆಗೆದ ದಿನ, ಗಂಟೆ ಎಲ್ಲ ಎಕ್ಸಿಫ್ ರೂಪದಲ್ಲಿ ಫೈಲಿನ ಒಳಗೇ ಇರುತ್ತದೆ, ಹೊರಗಿನ ತಾರೀಕು ಕೆಟ್ಟರೂ ಎಕ್ಸಿಫ್‌ಟೂಲ್ ಹಾಕಿ ವಾಪಸ್ ತರಬಹುದು. ನನ್ನ ರೆಕಾರ್ಡರ್ ಬರೆಯುವ ಸಾದಾ ವೇವ್ ಫೈಲಿಗೆ ಆ ಭಾಗ್ಯ ಇಲ್ಲ. ಅದು ಯಾವ ರಾತ್ರಿಯ ಕೂಟ ಎನ್ನುವುದಕ್ಕೆ ಇರುವ ಒಂದೇ ಆಧಾರ ಡಿಸ್ಕ್ ಬರೆದಿಟ್ಟುಕೊಂಡ ‘ಮಾಡಿಫೈಡ್’ ತಾರೀಕು. ಅದು ಅಳಿಸಿಹೋದರೆ ಭಾಗವತರ ಸ್ವರ ಕೇಳಿ ವರ್ಷ ಊಹಿಸುತ್ತಾ ಕೂರಬೇಕು.

ಎಡಿಟಿಂಗ್ ನಡೆಯುವುದು ತಮ್ಮನ ಮ್ಯಾಕ್‌ನಲ್ಲಿ. ನನ್ನದು ವಿಂಡೋಸ್ ಲ್ಯಾಪ್‌ಟಾಪ್. ಕೊನೆಗೆ ಎಲ್ಲ ಸೇರುವುದು ಅಟ್ಟದ ಪಕ್ಕದ ಕೋಣೆಯಲ್ಲಿರುವ ಹಳೇ ಲಿನಕ್ಸ್ ಪಿಸಿಗೆ. ಮೌಸ್‌ನಿಂದ ಎಳೆದು ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ವಿಂಡೋಸ್ ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ ಮಾಡಿದರೆ ಮಾಡಿಫೈಡ್ ಉಳಿಯುತ್ತದೆ, ಆದರೆ ‘ಕ್ರಿಯೇಟೆಡ್’ ಜಾಗಕ್ಕೆ ಇವತ್ತಿನ ತಾರೀಕು ಬಂದು ಕೂರುತ್ತದೆ. ಹುಟ್ಟುವ ಮೊದಲೇ ಬದಲಾದ ಫೈಲು! ಲಿನಕ್ಸ್‌ನ ‘ಸಿಪಿ’ ಕಮಾಂಡನ್ನು ಹಾಗೇ ಬಿಟ್ಟರೆ ಮಾಡಿಫೈಡ್ ಕೂಡ ಇವತ್ತಿನದೇ ಆಗುತ್ತದೆ.

ಆರ್‌ಸಿಂಕ್ ಹಳೆಯ ಸಾಮಾನು, 1996ರದ್ದು. ಬರೆದವರು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್. ವಿಂಡೋಸ್ ಮತ್ತು ಲಿನಕ್ಸ್ ನಡುವೆ ಫೋಲ್ಡರ್ ಹಂಚಿಕೊಳ್ಳಲು ನಾವೆಲ್ಲ ಬಳಸುವ ಸಾಂಬಾ ಕೂಡ ಇದೇ ಟ್ರಿಜೆಲ್ ಕೈಯದ್ದು. ಫೈಲಿನಲ್ಲಿ ಬದಲಾದ ತುಂಡನ್ನಷ್ಟೇ ಕಳಿಸುವ ಉಪಾಯಕ್ಕೆ ಇದು ಹೆಸರುವಾಸಿ. ನನಗೆ ಅದರಿಂದ ಅಂಥಾ ಲಾಭವೇನೂ ಇಲ್ಲ. ಒಮ್ಮೆ ರೆಕಾರ್ಡ್ ಆದ ವೇವ್ ಮತ್ತೆ ಬದಲಾಗುವುದಿಲ್ಲ, ಮೇಲಾಗಿ ಒಂದೇ ಯಂತ್ರದ ಎರಡು ಡಿಸ್ಕ್‌ಗಳ ನಡುವೆ ಆರ್‌ಸಿಂಕ್ ಆ ಉಪಾಯ ಬಿಟ್ಟು ಇಡೀ ಫೈಲನ್ನೇ ಬರೆಯುತ್ತದೆ. ನನಗೆ ಸಮಯ ಉಳಿಯುವುದು ಬೇರೆ ಕಡೆ: ಗಾತ್ರ ಮತ್ತು ಮಾಡಿಫೈಡ್ ಸಮಯ ಎರಡೂ ಹೊಂದಿದರೆ ಆ ಫೈಲನ್ನು ಅದು ತೆರೆದೂ ನೋಡದೆ ಮುಂದೆ ಹೋಗುತ್ತದೆ. ಹಾಗಾಗಿ ತಾರೀಕು ಉಳಿಸುವುದು ವೇಗಕ್ಕೂ ಬೇಕು. ತಾರೀಕು ಕೆಟ್ಟ ಫೋಲ್ಡರನ್ನು ಅದು ಪ್ರತಿ ಸಲವೂ ಮೊದಲಿನಿಂದ ಕೆದಕುತ್ತದೆ. ನಡುವೆ ಕರೆಂಟ್ ಹೋದರೆ (ಮಳೆಗಾಲದಲ್ಲಿ ಹೋಗದ ದಿನ ಯಾವುದು?) ‘ಪಾರ್ಶಿಯಲ್’ ಸ್ವಿಚ್ (ಕಮಾಂಡಿನ ಜೊತೆ ಸೇರಿಸುವ ಸೂಚನೆ) ಹಾಕಿಟ್ಟಿದ್ದರೆ ಅರ್ಧ ಬಂದ ಫೈಲ್ ವ್ಯರ್ಥವಾಗುವುದಿಲ್ಲ.

ಎಲ್ಲರೂ ಹೇಳುವುದು ‘ಮೈನಸ್ ಎ’ ಸ್ವಿಚ್ ಹಾಕಿ ಸಾಕು ಅಂತ. ಸಾಕಾಗುವುದಿಲ್ಲ. ಅದರಲ್ಲಿ ತಾರೀಕು, ಪರ್ಮಿಶನ್, ಓನರ್, ಸಿಮ್‌ಲಿಂಕ್ (ಬೇರೆ ಫೈಲಿನತ್ತ ಕೈತೋರುವ ಕೊಂಡಿ) ಇವೆ, ನಿಜ. ಯಾರಿಗೆ ಯಾವ ಅನುಮತಿ ಎಂಬ ವಿವರವಾದ ಪಟ್ಟಿ ಎಸಿಎಲ್‌ಗೆ ದೊಡ್ಡ ಎ, ಮ್ಯಾಕ್‌ನ ಬಣ್ಣದ ಟ್ಯಾಗ್‌ನಂಥ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ಗಳಿಗೆ ದೊಡ್ಡ ಎಕ್ಸ್, ಒಂದೇ ಫೈಲಿಗೆ ಇರುವ ಇನ್ನೊಂದು ಹೆಸರಾದ ಹಾರ್ಡ್‌ಲಿಂಕ್‌ಗೆ ದೊಡ್ಡ ಎಚ್ ಬೇರೆಯಾಗಿಯೇ ಹಾಕಬೇಕು.

ರೆಕಾರ್ಡರ್‌ನ ಮೆಮೊರಿ ಕಾರ್ಡ್ ಇನ್ನೊಂದು ತಲೆನೋವು. ಅದರಲ್ಲಿರುವುದು ಫ್ಯಾಟ್32, ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಹಳೆಯ ವಿಧಾನ. ಈ ಫ್ಯಾಟ್ ಮಾಡಿಫೈಡ್ ಸಮಯವನ್ನು ಎರಡು ಸೆಕೆಂಡಿಗೊಂದರಂತೆ ಮಾತ್ರ ಬರೆಯುತ್ತದೆ. ಲಿನಕ್ಸ್‌ನ ಅಂಥದ್ದೇ ವಿಧಾನ ಎಕ್ಸ್‌ಟಿ4 ನ್ಯಾನೊಸೆಕೆಂಡ್ ಲೆಕ್ಕ ಇಡುವಂಥದ್ದು. ಪಿಸಿಯಿಂದ ಕಾರ್ಡಿಗೆ ಏನಾದರೂ ವಾಪಸ್ ಹಾಕಿದರೆ ಮುಂದಿನ ಸಲ ಒಂದು ಸೆಕೆಂಡಿನ ವ್ಯತ್ಯಾಸ ಕಂಡು ಮತ್ತೆ ಕಾಪಿ ಶುರು ಮಾಡುತ್ತದೆ. ‘ಮಾಡಿಫೈ ವಿಂಡೋ’ವನ್ನು 1 ಎಂದು ಕೊಟ್ಟರೆ ಸುಮ್ಮನಾಗುತ್ತದೆ.

ಅದಕ್ಕಿಂತ ಕೆಟ್ಟದ್ದು, ಫ್ಯಾಟ್ ಬರೆಯುವುದು ಸ್ಥಳೀಯ ಸಮಯ, ಯಾವ ಊರಿನದ್ದು ಅಂತ ಬರೆಯುವುದಿಲ್ಲ. ಅದನ್ನು ಯುಟಿಸಿ (ಜಾಗತಿಕ ಸಮಯ) ಎಂದುಕೊಳ್ಳುವ ಲಿನಕ್ಸ್ ಯಂತ್ರದಲ್ಲಿ ಐದೂವರೆ ಗಂಟೆ ಮುಂದೆ ಓಡುತ್ತದೆ. ರಾತ್ರಿ ಒಂಬತ್ತೂವರೆಗೆ ಮುಗಿದ ಕೂಟ ಮರುದಿನ ಬೆಳಗಿನ ಮೂರಕ್ಕೆ ಮುಗಿದದ್ದಾಗಿ ತೋರುತ್ತದೆ, ತಾರೀಕೇ ಬದಲು. ಆರ್‌ಸಿಂಕ್ ಪಾಪ ಕೊಟ್ಟದ್ದನ್ನು ನಿಷ್ಠೆಯಿಂದ ಸಾಗಿಸುತ್ತದೆ ಅಷ್ಟೇ. ಕಾರ್ಡನ್ನು ಲಿನಕ್ಸ್‌ಗೆ ಜೋಡಿಸುವಾಗ, ಅಂದರೆ ಮೌಂಟ್ ಮಾಡುವಾಗ, ‘ಟೈಮ್ ಆಫ್‌ಸೆಟ್’ 330 ನಿಮಿಷ ಎಂದು ಹೇಳಬೇಕು.

ಇನ್ನು ಕನ್ನಡಕ್ಕೆ ಬರೋಣ. ನನ್ನ ಫೋಲ್ಡರ್‌ಗಳಿಗೆಲ್ಲ ಊರಿನ ಹೆಸರು: ಕೋಟ, ಕೋಟೇಶ್ವರ, ಬೈಂದೂರು. ಲಿನಕ್ಸ್‌ನಲ್ಲಿ ‘ಕೋಟ’ ಎಂದು ಟೈಪಿಸಿದರೆ ‘ಕ’, ಅದರ ಓಕಾರ, ‘ಟ’ ಎಂದು ಮೂರು ಸಂಕೇತಗಳು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಅದೇ ಓಕಾರವನ್ನು ಒಡೆದು ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಕೊಂಬು ಎಂದು ಬಿಡಿಸಿ ಇಡುತ್ತದೆ, ಒಟ್ಟು ಐದು. ತೆರೆಯ ಮೇಲೆ ಎರಡೂ ಒಂದೇ. ಆರ್‌ಸಿಂಕ್ ಕಣ್ಣಿಗೆ ಎರಡು ಬೇರೆ ಊರು! ತಮ್ಮನ ಹಳೇ ಡಿಸ್ಕಿನಿಂದ ಲಿನಕ್ಸ್‌ಗೆ ಕಳಿಸಿದಾಗ ಒಂದೇ ಹೆಸರಿನ ಎರಡು ‘ಕೋಟ’ ಅಕ್ಕಪಕ್ಕ ನಿಂತಿದ್ದವು, ಒಳಗಿನ ಫೈಲ್‌ಗಳೂ ಅವೇ. ಗುಣಿತದಲ್ಲಿ ಈ, ಏ, ಐ, ಒ, ಓ ಇರುವ ಹೆಸರಿಗೆಲ್ಲ ಈ ಗತಿ. ‘ಕುಂದಾಪುರ’, ‘ಬಸರೂರು’ ಬಚಾವ್. 2017ರಿಂದ ಮ್ಯಾಕ್‌ಗೆ ಬಂದ ಹೊಸ ಡಿಸ್ಕ್ ವಿಧಾನ ಎಪಿಎಫ್‌ಎಸ್‌ನಲ್ಲಿ ಕೊಟ್ಟ ಹೆಸರು ಕೊಟ್ಟ ಹಾಗೇ ಉಳಿಯುತ್ತದೆ, ಆದರೆ ಹಳೇ ಡಿಸ್ಕಿನಿಂದ ಒಡೆದುಕೊಂಡು ಬಂದದ್ದು ಒಡೆದೇ ಉಳಿಯುತ್ತದೆ.

ಇದಕ್ಕೆ ಆರ್‌ಸಿಂಕ್‌ನಲ್ಲೇ ಮದ್ದಿದೆ, ‘ಐಕಾನ್ವ್’ ಎಂಬ ಸ್ವಿಚ್. ಮ್ಯಾಕ್‌ನಿಂದ ನೆಟ್‌ವರ್ಕ್ ಮೇಲೆ ಕಳಿಸುವಾಗ ಈ ಕಡೆ ಯುಟಿಎಫ್-8-ಮ್ಯಾಕ್ (ಒಡೆದು ಬರೆಯುವ ರೀತಿ), ಆ ಕಡೆ ಯುಟಿಎಫ್-8 (ಮಾಮೂಲಿ ರೀತಿ) ಎಂದು ಹೇಳಿದರೆ ಹೆಸರು ಕೂಡಿಕೊಂಡು ಹೋಗುತ್ತದೆ. ಈ ಸ್ವಿಚ್ ಬಂದದ್ದು 2008ರ 3.0 ಆವೃತ್ತಿಯಲ್ಲಿ. ಆ್ಯಪಲ್ ಮಾತ್ರ ಲೈಸೆನ್ಸ್ ಬದಲಾದ ಕಾರಣಕ್ಕೆ 2006ರ 2.6.9 ಆವೃತ್ತಿಯನ್ನೇ ವರ್ಷಾನುಗಟ್ಟಲೆ ಕೊಡುತ್ತಾ ಬಂತು, ಈಚೆಗೆ ಓಪನ್‌ಆರ್‌ಸಿಂಕ್ ಎಂಬ ಬೇರೆಯದನ್ನು ಹಾಕಿದೆ. ಮ್ಯಾಕ್‌ಗೆ ಇಂಥ ತಂತ್ರಾಂಶ ತಂದು ಹಾಕುವ ಹೋಮ್‌ಬ್ರ್ಯೂ ಮೂಲಕ ಹೊಸ ಆರ್‌ಸಿಂಕ್ ಹಾಕಿಕೊಂಡು ಅದನ್ನೇ ಓಡಿಸಿ.

ಹೆಸರಿನ ಉದ್ದದಲ್ಲೂ ನಮಗೆ ನಷ್ಟ. ಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಶ್ರೀಕ್ಷೇತ್ರ’ ಎಂಬ ಮೂರೇ ಅಕ್ಷರಕ್ಕೆ 33 ಬೈಟ್ ಖರ್ಚು! ಪ್ರಸಂಗ, ಊರು, ಅರ್ಥಧಾರಿಗಳ ಹೆಸರು ಎಲ್ಲ ಸೇರಿಸಿ ವಿಂಡೋಸ್‌ನಲ್ಲಿ ಇಟ್ಟ ಉದ್ದ ಹೆಸರುಗಳನ್ನು ಲಿನಕ್ಸ್ ಒಳಗೆ ಬಿಡುವುದೇ ಇಲ್ಲ, ಯಾಕೆಂದರೆ ವಿಂಡೋಸ್ ಡಿಸ್ಕಿನ ಎನ್‌ಟಿಎಫ್‌ಎಸ್ ಬೈಟ್ ಬದಲು 255 ಸಂಕೇತ ಎಣಿಸುತ್ತದೆ. ಆರ್‌ಸಿಂಕ್ ಅಂಥ ಫೈಲ್ ಬಿಟ್ಟು ಉಳಿದದ್ದನ್ನು ಮುಗಿಸಿ 23 ಎಂಬ ಕೋಡ್ ಕೊಟ್ಟು ನಿಲ್ಲುತ್ತದೆ. ಆ 23 ಕಂಡರೆ ಮೇಲಿನ ಸಾಲುಗಳನ್ನು ಓದಲೇಬೇಕು.

ವಿಂಡೋಸ್‌ನಲ್ಲಿ ಆರ್‌ಸಿಂಕ್ ಬೇಕಾದರೆ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಓಡುವ ಲಿನಕ್ಸ್) ಅಥವಾ ಸಿಗ್‌ವಿನ್ (ಲಿನಕ್ಸ್ ಮಾದರಿಯ ಕಮಾಂಡ್‌ಗಳ ಕಟ್ಟು) ಬೇಕು. ಡಬ್ಲ್ಯುಎಸ್‌ಎಲ್2 ಒಳಗಿಂದ ಸಿ ಡ್ರೈವ್ ಮುಟ್ಟಿದರೆ ಆಮೆವೇಗ. ಅಲ್ಲಿ ನಾನು ವಿಂಡೋಸ್ ಜೊತೆಗೇ ಬರುವ ರೋಬೋಕಾಪಿ ಬಳಸಿ ಸಾಂಬಾ ಫೋಲ್ಡರಿಗೆ ಕಳಿಸುತ್ತೇನೆ. ಒಳ್ಳೇ ಕೆಲಸಗಾರ, ಆದರೆ ಒಂದು ಫೈಲ್ ಸಿಗದಿದ್ದರೆ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಯತ್ನಿಸುವುದು ಅದರ ಮೂಲ ಸ್ವಭಾವ. ಆರ್ ಮತ್ತು ಡಬ್ಲ್ಯೂ ಸ್ವಿಚ್‌ಗಳಲ್ಲಿ ಚಿಕ್ಕ ಸಂಖ್ಯೆ ಕೊಡಿ, ಇಲ್ಲದಿದ್ದರೆ ಬೆಳಗಾದರೂ ಅಲ್ಲೇ ಇರುತ್ತದೆ. ಮುಗಿದ ಮೇಲೆ ಅದು 1 ಅಥವಾ 3 ಎಂದು ಕೋಡ್ ಕೊಟ್ಟರೆ ಹೆದರಬೇಡಿ, 8ಕ್ಕಿಂತ ಕೆಳಗಿದ್ದರೆ ಕೆಲಸ ಆಗಿದೆ ಎಂದೇ ಲೆಕ್ಕ.

ಕ್ರಿಯೇಟೆಡ್ ತಾರೀಕು ಮಾತ್ರ ಆರ್‌ಸಿಂಕ್‌ನಿಂದ ಲಿನಕ್ಸ್‌ಗೆ ಬರುವುದಿಲ್ಲ. ಎಕ್ಸ್‌ಟಿ4 ಫೈಲ್ ಹುಟ್ಟಿದ ಸಮಯ ಇಟ್ಟುಕೊಳ್ಳುತ್ತದೆ, ಅದನ್ನು ಹೊರಗಿನಿಂದ ಬದಲಿಸುವ ದಾರಿಯನ್ನು ಲಿನಕ್ಸ್ ಕೊಟ್ಟಿಲ್ಲ. ನನಗೆ ಮಾಡಿಫೈಡ್ ಸಾಕು. ಎರಡೂ ಬೇಕೆನ್ನುವವರು ಸಾಂಬಾ ದಾರಿ ಹಿಡಿಯಿರಿ, ಅದು ವಿಂಡೋಸ್‌ನ ಕ್ರಿಯೇಟೆಡ್ ಸಮಯವನ್ನು ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನಲ್ಲಿ ಬರೆದಿಡಬಲ್ಲದು.

ಮೂಲದಲ್ಲಿ ಇಲ್ಲದ ಫೈಲನ್ನು ಆ ಕಡೆಯೂ ಅಳಿಸುವ ‘ಡಿಲೀಟ್’ ಸ್ವಿಚ್ ಹಾಕುವ ಮೊದಲು ಮೈನಸ್ ಎನ್ ಮತ್ತು ಐ ಜೋಡಿಸಿ ಒಣ ಓಟ (ಏನನ್ನೂ ಬದಲಿಸದೆ ಏನಾಗುತ್ತದೆಂದು ತೋರಿಸುವ ‘ಡ್ರೈ ರನ್’) ಮಾಡಿ ನೋಡಿ. ಸಾಲಿನಲ್ಲಿ ‘ಟಿ’ ಕಂಡರೆ ಸಮಯ ಬೇರೆ, ‘ಎಸ್’ ಕಂಡರೆ ಗಾತ್ರ ಬೇರೆ. ಎಲ್ಲ ಸಾಲಲ್ಲೂ ಬರೀ ‘ಟಿ’ ತುಂಬಿದ್ದರೆ ಡಿಸ್ಕ್‌ಗಳ ಗಡಿಯಾರದ ತಕರಾರು ಇದೆ ಎಂದರ್ಥ, ಅದು ಬಗೆಹರಿಯುವವರೆಗೆ ಎಂಟರ್ ಒತ್ತಬೇಡಿ.