ಬಡಾವಣೆಯ ಸುರಕ್ಷತಾ ಯೋಜನೆ: ಸಭೆಯೋ, ಸಮೀಕ್ಷೆಯೋ, ನಡಿಗೆಯೋ?

ಬಡಾವಣೆಯ ಸುರಕ್ಷತೆಗೆ ಯೋಜನೆ ಮಾಡುವಾಗ ಜನರ ಮಾತು ಕೇಳಬೇಕು, ಸರಿ. ಹೇಗೆ ಕೇಳೋದು?

ಸಾರ್ವಜನಿಕ ಸಭೆ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಮೈಕ್ ಹಿಡಿಯುವವರು ಅದೇ ನಾಲ್ಕು ಜನ. ರಾತ್ರಿ ಪಾಳಿಯವರು, ಹದಿಹರೆಯದವರು ಬರುವುದೇ ಅಪರೂಪ.

ಸಮೀಕ್ಷೆಯಲ್ಲಿ ಹೆಸರು ಹೇಳಬೇಕಿಲ್ಲ. ಹಾಗಾಗಿ ಪೊಲೀಸರವರೆಗೆ ಹೋಗದ ಕಿರುಕುಳ, ಮನೆಯೊಳಗಿನ ಹಿಂಸೆಯಂಥ ವಿಷಯ ಹೊರಬರುವುದು ಇಲ್ಲೇ ಜಾಸ್ತಿ. ಮೊಬೈಲ್‌ನಲ್ಲಷ್ಟೇ ಮಾಡಿದರೆ ವಯಸ್ಸಾದವರು ಬಿಟ್ಟುಹೋಗುತ್ತಾರೆ. ಕಾಗದದ ಫಾರಂ ಕೂಡ ಇರಲಿ.

ನನ್ನ ಓಟು ಮಾತ್ರ ಸುರಕ್ಷತಾ ನಡಿಗೆಗೆ. 1989ರಲ್ಲಿ ಟೊರೊಂಟೊದಲ್ಲಿ ಮಹಿಳೆಯರ ಸುರಕ್ಷತೆಗಾಗಿ ರೂಪುಗೊಂಡ ವಿಧಾನ ಇದು. ಕತ್ತಲಾದ ಮೇಲೆ ಕೆಲವರು ಒಟ್ಟಿಗೆ ಬೀದಿ ಸುತ್ತಿ, ಕಂಡದ್ದನ್ನು ಬರೆದುಕೊಳ್ಳುತ್ತಾರೆ. ದೀಪ ಉರಿಯುತ್ತಿದೆ, ಆದರೆ ಮರದ ಕೊಂಬೆ ಬೆಳಕನ್ನೆಲ್ಲ ನುಂಗಿದೆ. ಬಸ್ ತಂಗುದಾಣದ ಹಿಂದೆ ಯಾರು ನಿಂತರೂ ಕಾಣುವುದಿಲ್ಲ. ಇದೆಲ್ಲ ಅಪರಾಧದ ಅಂಕಿಅಂಶದಲ್ಲಿ ಸಿಗಲ್ಲ, ಅಲ್ವಾ? ಮನೆಯೊಳಗಿನ ಭಯ ಮಾತ್ರ ನಡಿಗೆಗೆ ಸಿಗುವುದಿಲ್ಲ.

ಸಮಯ ಇದ್ದರೆ ಮೊದಲು ಸಮೀಕ್ಷೆ, ಆಮೇಲೆ ಅದು ತೋರಿಸಿದ ಜಾಗಗಳಲ್ಲಿ ನಡಿಗೆ. ಸಭೆಯನ್ನು ಕೊನೆಗಿಡಿ, ಕರಡು ಯೋಜನೆ ಕೈಯಲ್ಲಿರುವಾಗ. ಒಂದನ್ನಷ್ಟೇ ಮಾಡಲು ಸಾಧ್ಯ, ಚಿಂತೆ ಇರುವುದೂ ಬೀದಿಯ ಬಗ್ಗೆ ಅಂದರೆ ಸುಮ್ನೆ ನಡಿಗೆ ಶುರು ಮಾಡಿ.